ಪಿಜ್ಜಾ ಹಿಟ್ಟು ನಾದೋದು ಕೈಯಲ್ಲೋ, ಮಿಕ್ಸರಿನಲ್ಲೋ?

ಸ್ಟ್ಯಾಂಡ್ ಮಿಕ್ಸರಿನಲ್ಲಿ 15 ನಿಮಿಷ ಜೋರಾಗಿ ಓಡಿಸಿದೆ, ಹಿಟ್ಟು ಅಂಟಂಟಾಯಿತು, ಮೇಲೆ ಮೈದಾ ಸುರಿದೆ, ಬೆಂದ ಮೇಲೆ ಗಟ್ಟಿಯಾಯಿತು ಅಂತ ಬರೆದಿದ್ದೀರಿ. ಉತ್ತರ ಅದರಲ್ಲೇ ಇದೆ: ಹಿಟ್ಟು ಬಿಸಿಯಾಗಿದೆ. ಮಿಕ್ಸರಿನ ಹುಕ್ (ಹಿಟ್ಟು ನಾದುವ ಕೊಕ್ಕೆ) ತಿರುಗಿದಷ್ಟೂ ತಿಕ್ಕಾಟದಿಂದ ಶಾಖ ಏರುತ್ತದೆ. ನಾದಿ ಮುಗಿಸಿದಾಗ ಹಿಟ್ಟು 24–26 ಡಿಗ್ರಿ ಸೆಲ್ಸಿಯಸ್ ಇರಬೇಕು. 30 ದಾಟಿದರೆ ಜಾಳಾಗಿ ಅಂಟತೊಡಗುತ್ತದೆ, ಆಮೇಲೆ ಮೈದಾ ಸುರಿದರೆ ಬರೀ ಒಣ ಹಿಟ್ಟು.

ಅಳತೆ ತೂಕದಲ್ಲೇ ಇರಲಿ. ಮೈದಾ 500 ಗ್ರಾಂ, ನೀರು 315, ಉಪ್ಪು 10, ಇನ್‌ಸ್ಟಂಟ್ ಯೀಸ್ಟ್ ಒಂದೂವರೆ ಗ್ರಾಂ (ಸುಮಾರು ಅರ್ಧ ಟೀ ಚಮಚ). ಪೊಟ್ಟಣದ ಮೇಲೆ ಪ್ರೋಟೀನ್ ನೋಡಿ, 100 ಗ್ರಾಂಗೆ 11ರಿಂದ 13 ಇದ್ದರೆ ಒಳ್ಳೆಯದು. 9 ಮಾತ್ರ ಇರುವ ಮೈದಾ ಎಳೆದಾಗ ಬೇಗ ಹರಿಯುತ್ತದೆ.

ಮಿಕ್ಸರಿಗೆ ಫ್ರಿಜ್‌ನ ತಣ್ಣೀರು ಹಾಕಿ. ಉಪ್ಪು ಬಿಟ್ಟು ಉಳಿದದ್ದನ್ನೆಲ್ಲ 2 ನಿಮಿಷ ಕಲಸಿ, ಮುಚ್ಚಿ 20 ನಿಮಿಷ ಬಿಡಿ. ಈ ಬಿಡುವಿನಲ್ಲಿ ನೀರು ಹೀರಿಕೊಂಡು ಗ್ಲುಟೆನ್ (ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಪ್ರೋಟೀನ್ ಜಾಲ) ತಾನಾಗಿಯೇ ಕಟ್ಟತೊಡಗುತ್ತದೆ, ಅರ್ಧ ಕೆಲಸ ಮುಗಿದಂತೆ. ಆಮೇಲೆ ಉಪ್ಪು ಹಾಕಿ, ಕಡಿಮೆ ವೇಗದಲ್ಲಿ 5–6 ನಿಮಿಷ ಸಾಕು. ಹಿಟ್ಟು ಹುಕ್ ಹತ್ತಿಕೊಂಡು ಸುಮ್ಮನೆ ಗಿರಗಿರ ಸುತ್ತುತ್ತಿದ್ದರೆ ಅದು ನಾದಿದಂತಲ್ಲ. ನಿಲ್ಲಿಸಿ, ಕೆಳಗೆ ತಳ್ಳಿ ಮತ್ತೆ ಓಡಿಸಿ. 300 ಗ್ರಾಂಗಿಂತ ಕಡಿಮೆ ಮೈದಾ ಆದರೆ ದೊಡ್ಡ ಬಟ್ಟಲಿನಲ್ಲಿ ಹುಕ್‌ಗೆ ಸಿಕ್ಕುವುದೇ ಇಲ್ಲ. ಅಷ್ಟಕ್ಕೆ ಕೈಯೇ ವಾಸಿ.

ಕೈಯಲ್ಲಾದರೆ ನೀರು ತಣ್ಣಗಿರಬೇಕಿಲ್ಲ, ಬಿಡುವು ಮಾತ್ರ ಅಷ್ಟೇ ಕೊಡಿ. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ಕಾಲು ಸುತ್ತು ತಿರುಗಿಸಿ. ಹೀಗೆ 8ರಿಂದ 10 ನಿಮಿಷ. ಮೊದಲ ಮೂರ್ನಾಲ್ಕು ನಿಮಿಷ ಅಂಟುವುದು ಸಹಜ, ಮೈದಾ ಡಬ್ಬಿಗೆ ಕೈ ಹಾಕಬೇಡಿ. ಕೈ ತುಸು ಒದ್ದೆ ಮಾಡಿಕೊಳ್ಳಿ, ಇಲ್ಲವೇ ಮುಚ್ಚಿಟ್ಟು 10 ನಿಮಿಷ ಬಿಟ್ಟು ಮುಂದುವರಿಸಿ.

ಆಯಿತೋ ಇಲ್ಲವೋ ಅಂತ ಗಡಿಯಾರ ಹೇಳುವುದಿಲ್ಲ. ನಿಂಬೆ ಗಾತ್ರದ ಉಂಡೆ ಮುರಿದು ಬೆರಳಲ್ಲಿ ನಿಧಾನ ಹಿಗ್ಗಿಸಿ, ಬೆಳಕು ಕಾಣುವಷ್ಟು ತೆಳ್ಳಗಾದರೂ ಹರಿಯದಿದ್ದರೆ ಸರಿ. ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡುವುದಾದರೆ ಇಷ್ಟು ಪರಿಪೂರ್ಣವೂ ಬೇಡ, ಕಾಲವೇ ಉಳಿದದ್ದನ್ನು ಕಟ್ಟುತ್ತದೆ.

ಸುಮಾರು 275 ಗ್ರಾಂನ 3 ಉಂಡೆ ಬರುತ್ತವೆ. ಫ್ರಿಜ್‌ನಿಂದ ತೆಗೆದು ಎರಡು ಗಂಟೆ ಹೊರಗಿಟ್ಟು ತಟ್ಟಿ. ತಟ್ಟುವಾಗ ಹಿಂದಕ್ಕೆ ಎಳೆದುಕೊಂಡರೆ ಜಗ್ಗಾಡಬೇಡಿ, ಮುಚ್ಚಿ ಇನ್ನೂ 15 ನಿಮಿಷ ಬಿಡಿ.