ಪುಟಾಣಿಗಳ ಪ್ರಶ್ನೋತ್ತರ: ನೋಟ್‌ಬುಕ್ ಖಾಲಿ, ಮಗು ಏನು ಕಲಿಯಿತು?

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ಪ್ರೀ-ಕೆಜಿಗೆ ಸೇರಿಸಿ ಆರು ತಿಂಗಳಾಯಿತು. ನೋಟ್‌ಬುಕ್ ಇನ್ನೂ ಖಾಲಿ. ಏನು ಮಾಡಿದೆ ಪುಟ್ಟಿ ಅಂದರೆ ದಿನಾ ಒಂದೇ ಉತ್ತರ, ‘ಆಟ ಆಡಿದೆ’. ಪಕ್ಕದ ಮನೆಯ ಇದೇ ವಯಸ್ಸಿನ ಹುಡುಗ ಅಆಇಈ ಪೂರ್ತಿ ಬರೆಯುತ್ತಾನೆ. ನನ್ನ ಮಗಳು ಹಿಂದೆ ಬೀಳುತ್ತಿದ್ದಾಳಾ ಮೇಡಂ? — ಒಬ್ಬ ತಾಯಿ

ಉತ್ತರ: ಖಂಡಿತ ಇಲ್ಲ. ಮೂರೂವರೆಗೆ ನೋಟ್‌ಬುಕ್ ತುಂಬಿದ್ದರೇ ನನಗೆ ಚಿಂತೆಯಾಗುತ್ತಿತ್ತು.

ಮೊದಲು ಕೈಯ ವಿಷಯ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತಗಿರುತ್ತವೆ. ಆಮೇಲೆ ಒಂದೊಂದೇ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದರ ಸರದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಮಗುವಿಗೆ ಎಂಟು ದಾಟಿರುತ್ತದೆ. ಬೆರಳುಗಳ ಹಿಡಿತವೂ ನಿಧಾನವಾಗಿಯೇ ಬರುವುದು. ಹೆಚ್ಚಿನ ಮಕ್ಕಳು ಮೂರಕ್ಕೆ ವೃತ್ತ ನೋಡಿ ಬರೆಯುತ್ತಾರೆ, ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು, ಐದರ ಆಸುಪಾಸಿನಲ್ಲಿ ತ್ರಿಕೋನ. ನಮ್ಮ ‘ಅ’ ಅಥವಾ ‘ಈ’ ಬರೆದು ನೋಡಿ, ಗೆರೆ ಎಷ್ಟು ಸಲ ಸುತ್ತಿ ತಿರುಗುತ್ತದೆ! ತ್ರಿಕೋನವೇ ಬಾರದ ಕೈಗೆ ಅದನ್ನು ಹೇರಿದರೂ ಮಗು ಹೇಗೋ ಬರೆದೀತು. ಆದರೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಹಾಳೆ ಹರಿಯುವ ಹಾಗೆ ಒತ್ತಿ ಬರೆಯುತ್ತದೆ. ಆ ಹಿಡಿತ ಆಮೇಲೆ ಬಿಡಿಸುವುದು ಬಹಳ ಕಷ್ಟ. ನಿಮ್ಮ ಮಗಳು ಜೇಡಿಮಣ್ಣು ನಾದುತ್ತಾಳಾ, ಕಾಗದ ಹರಿಯುತ್ತಾಳಾ, ಮಣಿ ಪೋಣಿಸುತ್ತಾಳಾ, ಬಟ್ಟೆಯ ಕ್ಲಿಪ್ಪು ಒತ್ತಿ ತೆಗೆಯುತ್ತಾಳಾ? ಹಾಗಾದರೆ ಅವಳ ಬರವಣಿಗೆಯ ತಯಾರಿ ಶುರುವಾಗಿದೆ.

ಇನ್ನು ಆ ‘ಆಟ ಆಡಿದೆ’ ಅನ್ನುವ ಮಾತು. ಅದರೊಳಗೆ ಏನೆಲ್ಲ ಇರುತ್ತದೆ ಅನ್ನುವುದಕ್ಕೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಬ್ಲಾಕ್ಸ್ ಜೋಡಿಸಿ ಸೇತುವೆ ಕಟ್ಟುತ್ತಿದ್ದಳು. ಎರಡು ಕಂಬ, ಮೇಲೊಂದು ಹಲಗೆ. ಒಂದು ಕಂಬ ಗಿಡ್ಡ, ಹಲಗೆ ಜಾರಿ ಬೀಳುತ್ತಿತ್ತು. ದೊಡ್ಡ ಬ್ಲಾಕ್ ಒಂದೂ ಉಳಿದಿರಲಿಲ್ಲ. ಬುಟ್ಟಿಯೆಲ್ಲ ತಡಕಿ, ಎರಡು ಸಣ್ಣವನ್ನು ಒಂದರ ಮೇಲೊಂದು ಇಟ್ಟಳು. ದೊಡ್ಡದರ ಪಕ್ಕಕ್ಕೆ ತಂದು ಅಳೆದಳು. ಸರಿಹೋಯಿತು. ಎರಡು ಅರ್ಧ ಸೇರಿದರೆ ಒಂದು ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನಾನು ಮಾಡಿದ್ದು ಇಷ್ಟೇ: ಬೇರೆ ಬೇರೆ ಅಳತೆಯ ಬ್ಲಾಕ್ಸ್ ಇಟ್ಟಿದ್ದೆ, ಅವಳಿಗೆ ಬೇಕಾದಷ್ಟು ಹೊತ್ತು ಬಿಟ್ಟಿದ್ದೆ, ಆಮೇಲೆ ‘ಈಗ ಯಾಕೆ ಬೀಳಲಿಲ್ಲ?’ ಅಂತ ಕೇಳಿದೆ. ಆ ಪ್ರಶ್ನೆಗೆ ಅವಳು ಕೊಟ್ಟ ಉದ್ದನೆಯ ವಿವರಣೆ ಇತ್ತಲ್ಲ, ಅದೇ ಅವತ್ತಿನ ಭಾಷೆಯ ಪಾಠವೂ ಆಯಿತು.

ಡಾಕ್ಟರ್ ಆಟವನ್ನೇ ನೋಡಿ. ಎರಡು ನಿಮಿಷ ಒಂದು ಕಡೆ ಕೂರದ ಹುಡುಗ, ರೋಗಿಯಾದಾಗ ಕಣ್ಣು ಮುಚ್ಚಿ ಮಲಗುತ್ತಾನೆ. ನಗು ಬಂದರೂ ತಡೆದುಕೊಳ್ಳುತ್ತಾನೆ, ಯಾಕೆಂದರೆ ರೋಗಿ ನಗಬಾರದು. ಆಟದ ಪಾತ್ರಕ್ಕಾಗಿ ಮಗು ತನ್ನ ಆಸೆಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ 1933ರಲ್ಲೇ ಹೇಳಿದ್ದರು. ಮುಂದೆ ಪಾಠ ಕೇಳುವಾಗ ಬೇಕಾಗುವುದು ಇದೇ ಹಿಡಿತ. ‘ಸುಮ್ನೆ ಕೂತ್ಕೋ’ ಅಂತ ಗದರಿಸಿ ಅದನ್ನು ತರುವುದು ನನ್ನಿಂದಂತೂ ಆಗಲಿಲ್ಲ.

ಮನೆಗೆ ಬಂದಾಗ ‘ಏನು ಕಲಿತೆ’ ಅಂತ ಕೇಳಬೇಡಿ. ಯಾರ ಜೊತೆ ಆಡಿದೆ, ಏನು ಕಟ್ಟಿದೆ, ಬಿತ್ತಾ, ಆಮೇಲೆ ಏನು ಮಾಡಿದೆ ಅಂತ ಕೇಳಿ.

ಪ್ರಶ್ನೆ: ನನ್ನ ಮೊಮ್ಮಗ ಒಂದರಿಂದ ನೂರು ತಡವರಿಸದೆ ಹೇಳುತ್ತಾನೆ. ಆದರೆ ‘ಐದು ಗುಂಡಿ ಕೊಡಪ್ಪ’ ಅಂದರೆ ಹಿಡಿ ತುಂಬ ಕೊಡುತ್ತಾನೆ. ತಮಾಷೆ ಮಾಡುತ್ತಿದ್ದಾನೋ, ಗೊತ್ತಿಲ್ಲವೋ? — ಒಬ್ಬ ಅಜ್ಜ

ಉತ್ತರ: ನೀವು ಬಹಳ ಒಳ್ಳೆಯ ಪರೀಕ್ಷೆ ಮಾಡಿದ್ದೀರಿ ಅಜ್ಜ. ಮಕ್ಕಳ ಎಣಿಕೆ ಬಗ್ಗೆ ಅಧ್ಯಯನ ಮಾಡುವವರೂ ಇದನ್ನೇ ಕೇಳುತ್ತಾರೆ: ‘ಮೂರು ಕೊಡು’, ‘ಐದು ಕೊಡು’.

ಅವನು ತಮಾಷೆ ಮಾಡುತ್ತಿಲ್ಲ. ಸಂಖ್ಯೆಗಳ ಸಾಲು ಅವನಿಗೆ ಸದ್ಯಕ್ಕೆ ಒಂದು ಹಾಡು ಇದ್ದ ಹಾಗೆ. ಎಣಿಸಿ ಮುಗಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದನ್ನು ಹೇಳುತ್ತದೆ ಎಂಬುದು ಬೇರೆಯೇ ತಿಳಿವಳಿಕೆ. ಅದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ‘ಒಂದು’ ಮಾತ್ರ ಗೊತ್ತಿರುತ್ತದೆ. ಕೆಲವು ತಿಂಗಳ ಮೇಲೆ ‘ಎರಡು’. ಮತ್ತೆ ಕೆಲವು ತಿಂಗಳಿಗೆ ‘ಮೂರು’. ಆಮೇಲೆ, ಸಾಮಾನ್ಯವಾಗಿ ಮೂರೂವರೆ-ನಾಲ್ಕರ ಆಸುಪಾಸಿನಲ್ಲಿ, ಇದ್ದಕ್ಕಿದ್ದಂತೆ ಗುಟ್ಟು ಹೊಳೆಯುತ್ತದೆ. ಐದು, ಆರು, ಏಳು ಎಲ್ಲವೂ ಸರಿಯಾಗಿ ಕೊಡುತ್ತಾರೆ. ಆ ದಿನ ಮಗುವಿನ ಮುಖ ನೋಡಬೇಕು!

ನೂರು ಇನ್ನೂರಾಗುವುದು ಈಗ ಬೇಡ. ಮೂರು, ನಾಲ್ಕು ವಸ್ತುಗಳನ್ನೇ ಮುಟ್ಟಿ ಎಣಿಸಿಸಿ. ಎಣಿಸಿದ ಮೇಲೆ ‘ಒಟ್ಟು ಎಷ್ಟು?’ ಅಂತ ಕೇಳಿ. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದರೆ ಅವನಿಗೆ ಇನ್ನೂ ಹೊಳೆದಿಲ್ಲ. ನೀವೇ ಹೇಳಿ: ‘ಒಂದು, ಎರಡು, ಮೂರು. ಮೂರು ಗುಂಡಿ.’ ಅಷ್ಟು ಸಾಕು.

ಪ್ರಶ್ನೆ: ದಿನಾ ಬರೀ ಹಾಡು, ಪ್ರಾಸ. ಇದೂ ಪಾಠವಾ? — ಒಬ್ಬ ತಂದೆ

ಉತ್ತರ: ಹೌದು, ಕಿವಿಯ ಪಾಠ. ಕಾಗೆ, ಕಾಲು, ಕಾಡು ಒಂದೇ ಸದ್ದಿನಿಂದ ಶುರುವಾಗುತ್ತವೆ, ‘ಮನೆ’ ಅವುಗಳ ಜೊತೆ ಸೇರುವುದಿಲ್ಲ ಅಂತ ಕೇಳಿ ಗುರುತಿಸುವ ಮಗುವಿಗೆ ಮುಂದೆ ಓದು ಸುಲಭ. ಸದ್ದು ಕಿವಿಗೆ ಬೀಳದ ಮೇಲೆ ‘ಕಾ’ ಅಕ್ಷರ ಯಾವುದಕ್ಕೆ ಗುರುತು ಅಂತ ಅದಕ್ಕೆ ಹೇಗೆ ತಿಳಿಯಬೇಕು, ಅಲ್ವಾ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಪ್ರೀ-ಕೆಜಿಗೆ ಹೋದ ಮೇಲೆ ಸುಳ್ಳು ಹೇಳಲು ಕಲಿತಿದ್ದಾನೆ. ಗೋಡೆ ಮೇಲೆ ಗೀಚಿ ‘ನಾನಲ್ಲ’ ಅನ್ನುತ್ತಾನೆ, ಕೈಯಲ್ಲಿ ಕ್ರೇಯಾನ್ ಹಿಡಿದುಕೊಂಡೇ! ಸಹವಾಸ ದೋಷವೇ? — ನೊಂದ ತಾಯಿ

ಉತ್ತರ: ನೊಂದುಕೊಳ್ಳಬೇಡಿ. ನಿಮ್ಮ ಮಗನ ತಲೆಯಲ್ಲಿ ಒಂದು ದೊಡ್ಡ ವಿಷಯ ನಡೆದಿದೆ.

ಮೂರರ ಮಗುವಿಗೆ ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅನ್ನುವ ಭಾವನೆ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಕಥೆ ಹೇಳಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಇಡುತ್ತಾಳೆ. ವಾಪಸ್ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಮೂರರ ಮಕ್ಕಳು ಈಗ ಇರುವ ಕಪಾಟನ್ನೇ ತೋರಿಸಿದರು. ನಾಲ್ಕು ದಾಟಿದ ಮೇಲೆ ಮಕ್ಕಳು ‘ಪಾಪ, ಅವನಿಗೆ ಗೊತ್ತಿಲ್ಲ’ ಅನ್ನುವುದನ್ನು ಮೆಲ್ಲಗೆ ಗ್ರಹಿಸತೊಡಗುತ್ತಾರೆ.

ನಿಮ್ಮ ಮಗನೂ ಈಗ ‘ನಾನು ಗೀಚಿದ್ದು ಅಮ್ಮ ನೋಡಿಲ್ಲ, ಹಾಗಾದರೆ ಅಮ್ಮನಿಗೆ ಗೊತ್ತಿಲ್ಲ’ ಅಂತ ಲೆಕ್ಕ ಹಾಕುತ್ತಿದ್ದಾನೆ. ಕ್ರೇಯಾನ್ ಬಚ್ಚಿಡುವಷ್ಟು ಇನ್ನೂ ಬೆಳೆದಿಲ್ಲ. ಅಳುತ್ತಿರುವ ಗೆಳೆಯನಿಗೆ ಅವನದೇ ಗೊಂಬೆ ಹುಡುಕಿ ಕೊಡುವುದಕ್ಕೂ ಇದೇ ತಿಳಿವಳಿಕೆ ಬೇಕು. ಹೊಡೆಯಬೇಡಿ, ‘ಸುಳ್ಳುಬುರುಕ’ ಅಂತ ಹೆಸರಿಡಬೇಡಿ. ಯಾರು ಗೀಚಿದ್ದು ಅಂತ ಸವಾಲೂ ಹಾಕಬೇಡಿ. ‘ಗೋಡೆ ಗಲೀಜಾಗಿದೆ, ಬಾ, ಇಬ್ಬರೂ ಒರೆಸೋಣ’ ಅನ್ನಿ.

ಪ್ರಶ್ನೆ: ಪ್ರೀ-ಕೆಜಿಯಿಂದ ಆಗುವ ಲಾಭ ಕೆಲವೇ ವರ್ಷಕ್ಕೆ ಕರಗಿಹೋಗುತ್ತದೆ ಅಂತ ಓದಿದೆ. ಇನ್ನೊಂದು ಕಡೆ ಜೀವನವೇ ಬದಲಾಗುತ್ತದೆ ಅಂತಾರೆ. ಯಾವುದು ನಿಜ? — ಒಬ್ಬ ತಂದೆ

ಉತ್ತರ: ಎರಡಕ್ಕೂ ಆಧಾರ ಇದೆ.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ ಪೆರಿ ಪ್ರಿಸ್ಕೂಲ್ ಅಧ್ಯಯನ ನಡೆಯಿತು. ಬಡ ಕುಟುಂಬದ 123 ಮಕ್ಕಳು. 58 ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡರು, 65 ಮಕ್ಕಳನ್ನು ಹೋಲಿಕೆಗಾಗಿ ಹೊರಗಿಟ್ಟರು. ಶಾಲೆಗೆ ಹೋದವರ ಬುದ್ಧಿಮತ್ತೆ ಪರೀಕ್ಷೆಯ ಅಂಕ ಮೊದಲು ಏರಿತು. ಕೆಲವೇ ವರ್ಷಗಳಲ್ಲಿ ಆ ಅಂತರ ಕರಗಿತು. ಆದರೆ ಅದೇ ಮಕ್ಕಳನ್ನು ನಲವತ್ತು ವರ್ಷ ವಯಸ್ಸಿನಲ್ಲಿ ನೋಡಿದಾಗ, ಅವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ಸಂಪಾದನೆ ಜಾಸ್ತಿ, ಪೊಲೀಸರಿಂದ ಬಂಧನಕ್ಕೊಳಗಾದದ್ದು ಕಡಿಮೆ. ಅಲ್ಲಿ ಮಕ್ಕಳು ಇವತ್ತು ಏನು ಮಾಡುತ್ತೇನೆ ಅಂತ ತಾವೇ ಯೋಚಿಸಿ ಹೇಳಬೇಕಿತ್ತು, ಮಾಡಬೇಕಿತ್ತು, ಆಮೇಲೆ ಏನಾಯಿತು ಅಂತ ಮಾತಾಡಬೇಕಿತ್ತು. ಟೀಚರ್ ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು.

ಇನ್ನೊಂದು, ಟೆನೆಸಿ ರಾಜ್ಯದ್ದು. 2,990 ಮಕ್ಕಳ ಮೇಲೆ ನಡೆದ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಪ್ರೀ-ಕೆಗೆ (ನಮ್ಮ ಪ್ರೀ-ಕೆಜಿಯಂಥ ತರಗತಿಗೆ) ಹೋದ ಮಕ್ಕಳು ಆರನೇ ತರಗತಿಗೆ ಬರುವಾಗ ಹೋಗದವರಿಗಿಂತ ಅಂಕದಲ್ಲಿ ಹಿಂದಿದ್ದರು, ಶಿಸ್ತಿನ ತಕರಾರೂ ಜಾಸ್ತಿ ಇತ್ತು. ಯಾಕೆ ಹೀಗಾಯಿತು ಅನ್ನುವುದನ್ನು ಆ ಅಧ್ಯಯನ ಸಾಬೀತು ಮಾಡಿಲ್ಲ.

ನನಗೆ ಅನಿಸುವುದು ಹೀಗೆ. ಪ್ರೀ-ಕೆಜಿ ಅನ್ನುವ ಬೋರ್ಡಿನಿಂದ ಏನೂ ಆಗುವುದಿಲ್ಲ. ಒಳಗೆ ಮಗು ಎಷ್ಟು ಮಾತಾಡುತ್ತದೆ, ಎಷ್ಟು ನಿರ್ಧಾರ ತಾನೇ ಮಾಡುತ್ತದೆ ಅನ್ನುವುದು ಮುಖ್ಯ. ನೀವು ಸೇರಿಸಬೇಕೆಂದಿರುವ ತರಗತಿಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಟೀಚರ್ ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡುತ್ತಾರಾ? ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರಾ? ಮಕ್ಕಳ ಧ್ವನಿ ಜಾಸ್ತಿ ಕೇಳುತ್ತದಾ, ದೊಡ್ಡವರದ್ದಾ? ಎಲ್ಲರೂ ಕೈಕಟ್ಟಿ ಕೂತಿದ್ದರೆ ನಾನಾಗಿದ್ದರೆ ಬೇರೆ ಕಡೆ ಹುಡುಕುತ್ತಿದ್ದೆ. ಒಳ್ಳೆಯದು ಸಿಗದಿದ್ದರೆ, ಮನೆಯಲ್ಲಿ ಮಾತಾಡುವವರು, ಜೊತೆಗೆ ಆಡುವ ಮಕ್ಕಳು ಇದ್ದರೆ, ಒಂದು ವರ್ಷ ಮನೆಯಲ್ಲೇ ಇರಲಿ.

ಪ್ರಶ್ನೆ: ಗೇಟಿನ ಹತ್ತಿರ ದಿನಾ ಅಳು. ಅವಳು ಆಟದಲ್ಲಿ ಮುಳುಗಿದಾಗ ಹೇಳದೆ ಬಂದುಬಿಡಿ ಅನ್ನುತ್ತಾರೆ. ಸರಿಯಾ? — ಒಬ್ಬ ತಾಯಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಅಂತ ಅನಿಸಿದರೆ ಮಗು ಆಟಕ್ಕೂ ಇಳಿಯುವುದಿಲ್ಲ, ನಿಮ್ಮನ್ನೇ ಕಾಯುತ್ತಾ ಕೂರುತ್ತದೆ.

ಹೇಳಿ ಹೋಗಿ. ಚಿಕ್ಕದಾಗಿ ಹೇಳಿ, ದಿನಾ ಒಂದೇ ರೀತಿ ಹೇಳಿ. ಹನ್ನೆರಡು ಗಂಟೆ ಅಂದರೆ ಅವಳಿಗೆ ಅರ್ಥವಾಗುವುದಿಲ್ಲ. ‘ಊಟ ಆಗಿ, ಕಥೆ ಮುಗಿದ ಮೇಲೆ ಬರ್ತೀನಿ’ ಅನ್ನಿ, ಹೇಳಿದ ಹೊತ್ತಿಗೆ ಬನ್ನಿ. ಮನೆಯ ಒಂದು ಕರವಸ್ತ್ರವೋ ಗೊಂಬೆಯೋ ಜೊತೆಗಿರಲಿ. ನೀವು ಹೋದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನವಾಗುತ್ತಾಳೆ ಅಂತ ಟೀಚರನ್ನು ಕೇಳಿ. ಸ್ವಲ್ಪ ಹೊತ್ತಿಗೇ ಆಟಕ್ಕೆ ಸೇರಿಕೊಂಡರೆ ಹೆದರುವುದೇನಿಲ್ಲ. ವಾರಗಳು ಕಳೆದರೂ ದಿನವಿಡೀ ಅಳುತ್ತಾ, ಊಟ ನಿದ್ದೆ ಬಿಟ್ಟರೆ, ಟೀಚರ್ ಜೊತೆ ಕೂತು ಮಾತಾಡಿ, ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ.