ಟನ್ನಿಗೆ 100 ರೂಪಾಯಿ ಹೆಚ್ಚು ಕೊಡೋ ಫ್ಯಾಕ್ಟರಿಗೆ ಕಬ್ಬು ಹಾಕಬೇಕಾ?

ಜಮಖಂಡಿ ಕಡೆ 2 ಎಕರೆ ಕಬ್ಬು, ಕೈಗೆಟುಕುವ ದೂರದಲ್ಲಿ ಎರಡು ಫ್ಯಾಕ್ಟರಿ, ಒಂದರವರು ಟನ್ನಿಗೆ 100 ಹೆಚ್ಚು ಅಂತಿದಾರೆ, ‘ಪೈಪೋಟಿ ಇದ್ದಷ್ಟೂ ರೈತನಿಗೇ ಲಾಭ ಅಲ್ವಾ’ ಅಂತ ಕೇಳಿದೀರಿ. ನಾನೂ ಒಂದು ಕಾಲಕ್ಕೆ ಹೀಗೇ ದರ ಕೇಳಿಕೊಂಡು ಕಬ್ಬು ಹಾಕ್ತಿದ್ದವನು. ಆ ನೂರು ರೂಪಾಯಿ ಆಮೇಲೆ ನೋಡೋಣ. ಮೊದಲು ಫೀಲ್ಡ್‌ಮನ್ (ಊರೂರಿಗೆ ಬರೋ ಫ್ಯಾಕ್ಟರಿ ಸಿಬ್ಬಂದಿ) ತಂದುಕೊಡೋ ಕರಾರು ಪತ್ರ ಕೈಗೆ ತಗೋರಿ.

1966ರ ಕಬ್ಬು ನಿಯಂತ್ರಣ ಆದೇಶದ 3ನೇ ಕಲಂ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಇಷ್ಟು ಎಲ್ಲ ಭಾಷಣದಲ್ಲೂ ಬರುತ್ತೆ. ಯಾರೂ ಹೇಳದ್ದು, ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಇಬ್ಬರ ನಡುವೆ ಇದಕ್ಕೆ ವಿರುದ್ಧವಾದ ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾತ್ರ ಆ 14 ದಿನ. ಈಗ ಕರಾರು ಪತ್ರದ ಸಣ್ಣ ಅಕ್ಷರ ಓದ್ರಿ. ‘ಕಾರ್ಖಾನೆ ನಿಗದಿಪಡಿಸುವ ಕಂತುಗಳಲ್ಲಿ ಹಣ ಪಡೆಯಲು ಒಪ್ಪಿದ್ದೇನೆ’ ಅನ್ನೋ ಅರ್ಥದ ಸಾಲು ಇದ್ದು, ಅದರ ಕೆಳಗೆ ನಿಮ್ಮ ಸಹಿ ಬಿದ್ದರೆ, ನಾಳೆ ಬಡ್ಡಿ ಕೇಳೋಕೆ ಹೋದಾಗ ಅದೇ ಕಾಗದವನ್ನು ನಿಮ್ಮ ಮುಂದೆ ಹಿಡಿತಾರೆ. ನಮ್ಮ ಭಾಗದಲ್ಲಿ ಬಹಳ ಜನ ಖಾಲಿ ಫಾರಂಗೇ ಸಹಿ ಹಾಕಿ ಕೊಡ್ತಾರೆ. ದಡ್ಡರು ಅಂತಲ್ಲ. ಬೀಜ, ಗೊಬ್ಬರದ ಮುಂಗಡ ಅದೇ ಫ್ಯಾಕ್ಟರಿದು, ಕಟಾವಿನ ಪಾಳಿ ಹಚ್ಚೋದೂ ಅದೇ ಫೀಲ್ಡ್‌ಮನ್. ತಕರಾರು ತೆಗೆದರೆ ಪಾಳಿ ಹಿಂದೆ ಹೋಗುತ್ತೆ ಅನ್ನೋ ಅಂಜಿಕೆ.

ಲೆಕ್ಕ ಹಾಕ್ರಿ. ಎಕರೆಗೆ 40 ಟನ್ ಹಿಡಿದರೆ ನಿಮ್ಮದು 80 ಟನ್. ಕಟಾವು, ಸಾಗಣೆ ಕಳೆದು 3,100 ಅಂದರೆ 2,48,000. 60 ದಿನ ತಡವಾದರೆ ಶೇ 15ರ ಬಡ್ಡಿ 6,100 ಚಿಲ್ಲರೆ. ಟನ್ನಿಗೆ ನೂರರಂತೆ ನಿಮಗೆ ಹೆಚ್ಚು ಸಿಗೋದು 8,000. ಎರಡು ತಿಂಗಳು ಬಿಲ್ಲು ತಡೆದರೆ ಅದರಲ್ಲಿ ಮುಕ್ಕಾಲು ಪಾಲು ಅವರಿಗೇ ವಾಪಸ್. ಅದಕ್ಕೆ ಆ ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡ್ರಿ. ಸರ್ವೆ ನಂಬರ್, ನಾಟಿ ದಿನಾಂಕ, ತಳಿ, ಒಂದನ್ನೂ ಖಾಲಿ ಬಿಡಬೇಡ್ರಿ. ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಳ್ರಿ. ಒಬ್ಬರೇ ಗೆರೆ ಎಳೆದರೆ ಫಾರಂ ವಾಪಸ್ ಬರುತ್ತೆ, ಓಣಿಯ ಹದಿನೈದು ಮಂದಿ ಒಟ್ಟಿಗೆ ಎಳೆದುಕೊಂಡು ಹೋದರೆ ಮಾತುಕತೆಗೆ ಕರೀತಾರೆ.

ಇನ್ನು ದರ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ಕೊಡಲೇಬೇಕಾದ ಕನಿಷ್ಠ ದರ, ಶೇ 10.25 ಇಳುವರಿಗೆ (ಕಬ್ಬಿನ ತೂಕದಲ್ಲಿ ಸಿಗೋ ಸಕ್ಕರೆಯ ಪಾಲು) ಟನ್ನಿಗೆ 3,550. ಅದರ ಮೇಲೆ ಪ್ರತಿ 0.1ಕ್ಕೆ 34.60 ಹೆಚ್ಚು. ಅಂದರೆ ನಿಮಗೆ ಆಸೆ ತೋರಿಸ್ತಿರೋ ನೂರು ರೂಪಾಯಿ ಇಳುವರಿಯ ಲೆಕ್ಕದಲ್ಲಿ 0.3 ಅಷ್ಟೇ. ಇಳುವರಿ ಅಳೆಯೋದು ನಿಮ್ಮ ಹೊಲದ ಕಬ್ಬಿನದಲ್ಲ, ಇಡೀ ಫ್ಯಾಕ್ಟರಿಯ ಸರಾಸರಿ. ಅಳೆಯೋ ಲ್ಯಾಬೂ ಅವರದೇ. ಶೇ 11.25 ಇದ್ದ ಫ್ಯಾಕ್ಟರಿಯ ಎಫ್‌ಆರ್‌ಪಿ 3,896. ಕಟಾವು, ಸಾಗಣೆ ಅಂತ 850 ಕಳೆದರೆ ಉಳಿಯೋದು 3,046. ಈ ಕಡಿತವನ್ನೂ ಬಹಳ ಕಡೆ ಸರಾಸರಿ ಹಾಕ್ತಾರೆ. 60 ಕಿಲೋಮೀಟರ್ ದೂರದಿಂದ ಕಬ್ಬು ತರೋ ಫ್ಯಾಕ್ಟರಿಗೆ ಗೇಟಿನ ಪಕ್ಕದ ರೈತ ದೂರದವನ ಬಾಡಿಗೆಯನ್ನೂ ಕಟ್ಟಿರ್ತಾನೆ. ಹಾಗಾಗಿ ‘ದರ ಎಷ್ಟು’ ಅನ್ನೋ ಜೊತೆಗೆ ‘ಕಡಿತ ಎಷ್ಟು, ಯಾವ ಇಳುವರಿ ಹಿಡಿದಿದೀರಿ’ ಅಂತಲೂ ಕೇಳಬೇಕು.

ಕಾಟಾ (ಗಾಡಿ ತೂಗೋ ಯಂತ್ರ) ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ನೋಡೋದು ಅರ್ಧ ಮಾತ್ರ. ತುಂಬಿದ ಗಾಡಿಯ ತೂಕ ನೋಡಿ ಜನ ಮನೆಗೆ ಹೋಗ್ತಾರೆ. ಕಬ್ಬು ಇಳಿಸಿದ ಮೇಲೆ ಖಾಲಿ ಟ್ರ್ಯಾಕ್ಟರ್, ಟ್ರೇಲರ್‌ನ ತೂಕ ನಿಮ್ಮ ಕಣ್ಣೆದುರೇ ಆಗಬೇಕು. ಹಳೇ ನೋಂದಣಿಯ ತೂಕ ಹಚ್ಚಿದರೆ ಒಂದು ಟ್ರಿಪ್ಪಿಗೆ ಅರ್ಧ ಟನ್ ಸದ್ದಿಲ್ಲದೆ ಹೋಗಬಹುದು. 20 ಟನ್ನಿನ ನಾಲ್ಕು ಟ್ರಿಪ್ ಅಂದರೆ 2 ಟನ್, 6,200 ರೂಪಾಯಿ. ಮೊದಲು ಹೊರಗಿನ ಕಾಟಾದಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ರಿ. ರವದಿ (ಕಬ್ಬಿನ ಒಣ ಎಲೆ, ಕಸ) ಹೆಸರಲ್ಲಿ ಕಡಿತ ಹಾಕಿದರೆ ಅದನ್ನು ತೂಕದ ಚೀಟಿಯ ಮೇಲೇ ಬರೆಸಿಕೊಳ್ರಿ.

ಈಗ ನಿಮ್ಮ ಪೈಪೋಟಿಗೆ ಬರ್ತೀನಿ. ಕಡಿದ ಕಬ್ಬಿನ ತೂಕ ಮತ್ತು ಸಕ್ಕರೆ ಎರಡೂ ಮರುದಿನದಿಂದಲೇ ಇಳಿಯೋಕೆ ಶುರು. ಕಡಲೆ, ಜೋಳದ ಹಾಗೆ ಚೀಲ ಕಟ್ಟಿ ದರ ಬರೋವರೆಗೆ ಕಾಯೋ ಮಾಲು ಇದಲ್ಲ. ಮಾರೋನು ಕಾಯಲಾರ, ಕೊಳ್ಳೋನು ಕಾಯಬಲ್ಲ, ಅಂಥಲ್ಲಿ ಎಂಥ ಮಾರುಕಟ್ಟೆ? ಮೇಲೆ ಎರಡು ಫ್ಯಾಕ್ಟರಿಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕು ಅಂತ ಕಾನೂನೇ ಇದೆ. ಮುಕ್ತ ಪೈಪೋಟಿ ಬೇಕು ಅನ್ನೋ ಮಾಲೀಕರು ಈ ನಿಯಮ ತೆಗೀರಿ ಅಂದದ್ದನ್ನು ನಾನಂತೂ ಕೇಳಿಲ್ಲ. ಸಕ್ಕರೆ ಮಾತ್ರ ಅಲ್ಲ, ರಸ ಹಿಂಡಿ ಉಳಿದ ಸಿಪ್ಪೆ ಬಗಾಸಿನಿಂದ ಕರೆಂಟು, ಸಕ್ಕರೆ ತೆಗೆದು ಉಳಿದ ಪಾಕ ಮೊಲಾಸಿಸ್‌ನಿಂದ ಎಥನಾಲ್ ಬರುತ್ತೆ. ಇವೆಲ್ಲ ಸೇರಿದ ಆದಾಯದ ಶೇ 70 ರೈತನಿಗೆ ಹೋಗಲಿ ಅಂತ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. ಆದರೂ ಬೆಲೆ ಚರ್ಚೆ ಬಂದಾಗೆಲ್ಲ ಸಕ್ಕರೆ ದರ ಬಿದ್ದಿದೆ ಅನ್ನೋ ಒಂದೇ ಹಾಡು.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಟಾವು, ಸಾಗಣೆ ಕಳೆದು ಟನ್ನಿಗೆ 3,500 ಕೊಡ್ರಿ ಅಂತ ರೈತರು ರಸ್ತೆ ಮೇಲೆ ಕೂತರು, ಸರ್ಕಾರ 3,300ಕ್ಕೆ ಬಂತು. ಕೇಳಿದಷ್ಟು ಸಿಗಲಿಲ್ಲ. ಆದರೆ ದರ ಏರಿಸಿದ್ದು ಯಾವ ಫ್ಯಾಕ್ಟರಿಯ ಪೈಪೋಟಿನೂ ಅಲ್ಲ.

ಕಟಾವಿನ ಗ್ಯಾಂಗಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಲಗಾಣಿ ಅಂತ ಮೇಲಿಂದ ದುಡ್ಡು ಕೇಳಿದಾಗ ಸಿಟ್ಟು ಅವರ ಮೇಲೆ ಬರುತ್ತೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೋಯ್ತಾ (ಕುಡುಗೋಲು) ಅಂತ ಎಣಿಸ್ತಾರೆ. ಗ್ಯಾಂಗ್ ಕರೆತರೋ ಮುಕಾದಮನ ಮುಂಗಡ ತೀರೋವರೆಗೆ ಅವರು ಹೊಲ ಬಿಟ್ಟು ಹೋಗೋ ಹಾಗಿಲ್ಲ. ಬಿಲ್ಲಿನಲ್ಲಿ ಕಟಾವಿಗೆ ಅಂತ ಮುರಿದ ದುಡ್ಡು ಪೂರ್ತಿ ಅವರ ಕೈ ಸೇರಿತಾ ಅಂತ ಫ್ಯಾಕ್ಟರಿಯನ್ನು ಕೇಳ್ರಿ.

ಇಷ್ಟಾದ ಮೇಲೂ ಎರಡರಲ್ಲಿ ಒಂದು ಆರಿಸಲೇಬೇಕಲ್ಲ. ಎರಡೂ ಕಡೆ ಕಬ್ಬು ಹಾಕಿದ ನಾಲ್ಕು ಮಂದಿಯ ಪಾಸ್‌ಬುಕ್ ತರಿಸಿ, ಹೋದ ಹಂಗಾಮಿನ ಬಿಲ್ಲು ಯಾವ ತಾರೀಖಿಗೆ ಜಮಾ ಆಯ್ತು ನೋಡ್ರಿ. ಮಾರ್ಚ್‌ನಲ್ಲಿ ಹಾಕಿದ ಕಬ್ಬಿಗೆ ಜೂನ್‌ನಲ್ಲಿ ದುಡ್ಡು ಬಂದಿದ್ದರೆ, 200 ಹೆಚ್ಚು ಅಂದರೂ ಆ ಗೇಟಿಗೆ ಗಾಡಿ ಹೊಡೀಬೇಡ್ರಿ.