ಫ್ಲೆಟ್ನರ್ ಮಾಡೆಲ್‌ನಲ್ಲಿ ಬ್ಲೇಡ್ ಬಡಿದುಕೊಳ್ಳುವ ತೊಂದರೆ

ನಿಮ್ಮ ಫ್ಲೆಟ್ನರ್ ಎಫ್‌ಎಲ್ 282 ಹೆಲಿಕಾಪ್ಟರ್ ಮಾಡೆಲ್‌ನ ಎರಡು ರೋಟರ್‌ಗಳು (ಮೇಲೆ ತಿರುಗುವ ಬ್ಲೇಡ್ ಜೋಡಿಗಳು) ಬಡಿದುಕೊಳ್ಳಲು ಕಾರಣ ಬಹುಶಃ ಕೂರಿಸಿದ ಕೋನ, ಗೇರ್ ಅಲ್ಲ. 1941ರಲ್ಲಿ ಹಾರಿದ ಆ ಜರ್ಮನ್ ಹೆಲಿಕಾಪ್ಟರ್‌ನಲ್ಲೂ ಬ್ಲೇಡ್‌ಗಳು ಒಂದರ ಸಂದಿಯಲ್ಲಿ ಇನ್ನೊಂದು ನುಸುಳಿಕೊಂಡು, ಎದುರುಬದುರು ದಿಕ್ಕಿಗೆ ತಿರುಗುತ್ತಿದ್ದವು.

ಮೊದಲು ಎರಡೂ ರೋಟರ್ ಬಿಚ್ಚಿ, ಗೇರ್ ಮುಟ್ಟಬೇಡಿ. ಎಡಗಡೆಯದನ್ನು ಮೂತಿಯಿಂದ ಬಾಲಕ್ಕೆ ಉದ್ದುದ್ದ ಕೂರಿಸಿ. ಶಾಫ್ಟ್ (ರೋಟರ್ ಕೂರುವ ಕಡ್ಡಿ) ಅಲುಗಾಡದಂತೆ ಹಿಡಿದು ಬಲಗಡೆಯದನ್ನು ಅಡ್ಡಡ್ಡ ಹಾಕಿ. ಆಮೇಲೆ ಕೈಯಲ್ಲೇ ನಿಧಾನ ತಿರುಗಿಸಿ. 45 ಡಿಗ್ರಿಗೆ ಬಂದಾಗ ಎರಡೂ ಸಮಾನಾಂತರವಾಗಿ ಕಾಣಬೇಕು.

ಆಗಲೂ ತಾಗಿದರೆ ಶಾಫ್ಟ್ ನೋಡಿ. ಎರಡೂ ನೆಟ್ಟಗಿರಬಾರದು, ಮೇಲ್ತುದಿ ಹೊರಕ್ಕೆ ವಾಲಿರಬೇಕು. ಬ್ಲೇಡ್ ತುದಿ ಜೋತುಬಿದ್ದಿದ್ದರೂ ಹೀಗಾಗಬಹುದು, ಫೋಟೋ ನೋಡದೆ ಖಂಡಿತ ಹೇಳಲಾರೆ. ಅಂದ ಹಾಗೆ, ಕಿಟ್‌ನಲ್ಲಿ ಬಾಲದ ರೋಟರ್ ಸುಮ್ನೆ ಹುಡುಕಬೇಡಿ, ಇದಕ್ಕೆ ಅದು ಇರಲೇ ಇಲ್ಲ. ಕೈಯಲ್ಲಿ ಸಲೀಸಾಗಿ ತಿರುಗಿದ ಮೇಲಷ್ಟೇ ಮೋಟಾರ್ ಹಾಕಿ.